ಕಮೊಡೋರ್ 64: ಕೆಂಪು ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು

ಎಂಟುಬಿಟ್

ಎಲ್ಲರಿಗೂ ನಮಸ್ಕಾರ. ಹದಿನೈದು ವರ್ಷಗಳಿಂದ ಪೆಟ್ಟಿಗೆಯಲ್ಲೇ ಇದ್ದ ಕಮೊಡೋರ್ 64 (1980ರ ದಶಕದ ಮನೆಬಳಕೆಯ ಕಂಪ್ಯೂಟರ್) ಒಂದನ್ನು ಕಳೆದ ವಾರ ಹೊರತೆಗೆದೆ. ಒಳಗಿಡುವಾಗ ಅದು ಚೆನ್ನಾಗಿ ನಡೆಯುತ್ತಿತ್ತು. ಈಗ ಸ್ವಿಚ್ ಹಾಕಿದರೆ ಕೆಂಪು ದೀಪ ಉರಿಯುತ್ತದೆ, ಆದರೆ ಎಷ್ಟು ಹೊತ್ತು ಕಾದರೂ ಪರದೆಯ ಮೇಲೆ ಒಂದಕ್ಷರವೂ ಮೂಡುವುದಿಲ್ಲ. ಎರಡು ಮೂರು ಸಲ ಆರಿಸಿ ಹಾಕಿದರೂ ಅದೇ ಸ್ಥಿತಿ. ಬೋರ್ಡಿನ ಮೇಲೆ 250425 ಎಂಬ ಸಂಖ್ಯೆಯಿದೆ. ದೊಡ್ಡ ಚಿಪ್‌ಗಳಲ್ಲಿ ಕೆಲವು ಸಾಕೆಟ್‌ನಲ್ಲಿವೆ, ಮೆಮೊರಿ ಚಿಪ್‌ಗಳು ಎಂಟೂ ನೇರವಾಗಿ ಬೋರ್ಡಿಗೆ ಬೆಸೆದಿವೆ. ನನ್ನ ಬಳಿ ಮಲ್ಟಿಮೀಟರ್ ಮತ್ತು ಶಾಖ ಹೊಂದಿಸಬಹುದಾದ ಸೋಲ್ಡರಿಂಗ್ ಐರನ್ ಇವೆ, ಆಸಿಲೋಸ್ಕೋಪ್ ಇಲ್ಲ. ಇಂಥ ಕಪ್ಪು ಪರದೆಗೆ, ಯಾವ ವಿಳಾಸಕ್ಕೆ ಯಾವ ಚಿಪ್ ಉತ್ತರಿಸಬೇಕೆಂದು ಆರಿಸುವ ಪಿಎಲ್‌ಎ ಚಿಪ್ಪೇ ಕಾರಣ ಎಂದು ಹಲವೆಡೆ ಓದಿದ್ದೇನೆ. ಅದನ್ನು ತರಿಸಿಕೊಳ್ಳುವ ಮೊದಲು ತಿಳಿದವರ ಅಭಿಪ್ರಾಯ ಕೇಳಬೇಕೆನಿಸಿತು.

ಬೆಸುಗೆಗಾರ

ದಯವಿಟ್ಟು ಇನ್ನೊಮ್ಮೆ ಸ್ವಿಚ್ ಹಾಕಬೇಡಿ. ಯಂತ್ರದ ಜೊತೆ ಬಂದ ಮೂಲ ಅಡಾಪ್ಟರನ್ನೇ ಬಳಸುತ್ತಿದ್ದೀರಾದರೆ ಮೊದಲು ಅದನ್ನು ಬಿಡಿಸಿ ಬದಿಗಿಡಿ.

ಆ ಅಡಾಪ್ಟರ್ ಎರಡು ಬಗೆಯ ವಿದ್ಯುತ್ ಕೊಡುತ್ತದೆ: 5 ವೋಲ್ಟ್ ಡಿಸಿ ಮತ್ತು 9 ವೋಲ್ಟ್ ಎಸಿ. ಚಿಪ್‌ಗಳ ಬಹುಪಾಲು ಆ 5 ವೋಲ್ಟಿನಿಂದ ನೇರವಾಗಿ ನಡೆಯುತ್ತದೆ. ನಡುವೆ ಬೋರ್ಡಿನಲ್ಲಿ ಯಾವ ತಡೆಗೋಡೆಯೂ ಇಲ್ಲ. ಮೂಲ ಅಡಾಪ್ಟರುಗಳಲ್ಲಿ ಬಹಳಷ್ಟರ ಒಳಭಾಗಕ್ಕೆ ಎಪಾಕ್ಸಿ ಸುರಿದು ಗಟ್ಟಿ ಮಾಡಿರುವುದರಿಂದ ಶಾಖ ಹೊರಗೆ ಹೋಗುವುದು ಕಷ್ಟ, ಬಿಚ್ಚಿ ಸರಿಪಡಿಸುವುದೂ ಕಷ್ಟ. ವರ್ಷಗಟ್ಟಲೆ ಬೆಂದ ರೆಗ್ಯುಲೇಟರ್ (ವೋಲ್ಟೇಜನ್ನು ಸ್ಥಿರವಾಗಿಡುವ ಭಾಗ) ಕೊನೆಗೆ ಕೆಡುವಾಗ ವೋಲ್ಟೇಜ್ ಇಳಿಯುವ ಬದಲು ಏರುವುದೇ ಹೆಚ್ಚು, ಆ ಏರಿಕೆಯ ಪೂರ್ತಿ ಹೊಡೆತ ಮೆಮೊರಿ ಚಿಪ್‌ಗಳ ಮೇಲೆ ಬೀಳುತ್ತದೆ. ದೀಪ ಉರಿಯುತ್ತಿದೆ ಎಂದರೆ 5 ವೋಲ್ಟಿನ ದಾರಿಯಲ್ಲಿ ಏನೋ ಬರುತ್ತಿದೆ ಎಂದಷ್ಟೇ ಅರ್ಥ. ಬರುತ್ತಿರುವುದು ಐದೋ ಆರೋ ಎಂಬುದನ್ನು ದೀಪ ಹೇಳಲಾರದು.

ಅಡಾಪ್ಟರಿನ ಏಳು ಪಿನ್ನಿನ ಪ್ಲಗ್ಗಿನಲ್ಲಿ 5ನೆಯ ಪಿನ್ ಧನ ತುದಿ, 2ನೆಯದು ಗ್ರೌಂಡ್. 6 ಮತ್ತು 7ರ ನಡುವೆ 9 ವೋಲ್ಟ್ ಎಸಿ ಇರುತ್ತದೆ. ಪಿನ್ನುಗಳು ಒಂದಕ್ಕೊಂದು ಹತ್ತಿರವಿರುವುದರಿಂದ ಮೀಟರಿನ ಕಡ್ಡಿ ಜಾರಿ ಎರಡಕ್ಕೂ ತಾಗದಂತೆ ಎಚ್ಚರ ವಹಿಸಿ. 4.75ರಿಂದ 5.25ರ ಒಳಗಿದ್ದರೆ ಸರಿ. ಆಮೇಲೆ 4.7 ಓಮ್, 10 ವ್ಯಾಟಿನ ರೆಸಿಸ್ಟರ್ ಒಂದನ್ನು ಆ ಎರಡು ಪಿನ್ನುಗಳ ನಡುವೆ ಹೊರೆಯಾಗಿ ಕೊಟ್ಟು ಅಳೆಯಿರಿ. ಸುಮಾರು ಒಂದು ಆಂಪಿಯರ್ ಹರಿಯುತ್ತದೆ, ರೆಸಿಸ್ಟರ್ ಸುಡುವಷ್ಟು ಬಿಸಿಯಾಗುತ್ತದೆ, ಕೈಯಲ್ಲಿ ಹಿಡಿಯಬೇಡಿ.

ಹಳೆಬೋರ್ಡು

ಅಡಾಪ್ಟರಿನ ಮಾತು ಒಪ್ಪುತ್ತೇನೆ. ಜೊತೆಗೆ, ಇಷ್ಟು ಹಳೆಯ ಯಂತ್ರವಾದ್ದರಿಂದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನೆಲ್ಲ ಮೊದಲೇ ಬದಲಿಸುವುದು ಒಳ್ಳೆಯದೆಂದು ನನ್ನ ಭಾವನೆ. ನಾನು ಅಮಿಗಾ 1200 ಎಂಬ ಕಂಪ್ಯೂಟರ್ ಸರಿಪಡಿಸಿದಾಗ ಅವು ಸೋರಿ ಬೋರ್ಡಿನ ತಾಮ್ರವನ್ನೇ ತಿಂದಿದ್ದವು.

ತರಂಗರೇಖೆ

ಅಮಿಗಾ 1200ರ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ನಿಜ. ಅದರಲ್ಲಿರುವ ಮೇಲ್ಮೈಗೆ ಬೆಸೆದ ಪುಟ್ಟ ಕೆಪಾಸಿಟರುಗಳು ಸೋರುತ್ತವೆ, ಅದನ್ನು ಮುಂದೂಡುವಂತಿಲ್ಲ. ಆದರೆ ಕಮೊಡೋರ್ 64ರಲ್ಲಿರುವುದು ಬೋರ್ಡಿನ ರಂಧ್ರದೊಳಗೆ ಕಾಲು ಇಳಿಸಿ ಬೆಸೆದ ಹಳೆಯ ಬಗೆ. ಅವು ಸೋರುವುದು ಕಡಿಮೆ, ಪರದೆಯನ್ನು ಕಪ್ಪಾಗಿಸುವುದು ಇನ್ನೂ ಕಡಿಮೆ. ಕೆಟ್ಟಿರುವ ಯಂತ್ರದ ಮೇಲೆ ಇಪ್ಪತ್ತು ಕಡೆ ಹೊಸದಾಗಿ ಬೆಸುಗೆ ಹಾಕಿದರೆ ಇಪ್ಪತ್ತು ಹೊಸ ಅನುಮಾನಗಳು ಹುಟ್ಟುತ್ತವೆ. ಯಂತ್ರ ಎದ್ದು ನಡೆದ ಮೇಲೆ, ಬೇಕೆನಿಸಿದರೆ, ಬದಲಿಸಲಿ.

ಪಿಎಲ್‌ಎ ಬಗ್ಗೆಯೂ ಇದೇ ಮಾತು. ಅದು ಬೇಗ ಬಿಸಿಯಾಗುವ, ಹೆಚ್ಚಾಗಿ ಕೆಡುವ ಚಿಪ್ ಎನ್ನುವುದು ದಿಟ. ಆದರೂ ಅಳತೆಯ ಆಧಾರವಿಲ್ಲದೆ, ಹೆಸರು ಕೆಟ್ಟಿದೆ ಎಂಬ ಒಂದೇ ಕಾರಣಕ್ಕೆ ಬದಲಿಸುವುದು ಸರಿಯಲ್ಲ. ಅದಕ್ಕಿಂತ ಮುಖ್ಯವಾಗಿ, ವೋಲ್ಟೇಜ್ ಖಚಿತವಾಗದ ಬೋರ್ಡಿಗೆ ಒಳ್ಳೆಯ ಚಿಪ್ ಕೂರಿಸಿದರೆ ಅದನ್ನೂ ಕಳೆದುಕೊಳ್ಳುತ್ತೀರಿ. ಈ ಚಿಪ್‌ಗಳನ್ನು ಈಗ ಯಾರೂ ತಯಾರಿಸುತ್ತಿಲ್ಲವಾದ್ದರಿಂದ ಒಂದೊಂದೂ ಉಳಿಯಬೇಕು.

ಎಂಟುಬಿಟ್

ಅಳೆದೆ. ಹೊರೆ ಇಲ್ಲದೆ 6.1 ವೋಲ್ಟ್, ರೆಸಿಸ್ಟರ್ ಕೊಟ್ಟಾಗ 5.9. ಮೀಟರನ್ನು ಹೊಸ ಬ್ಯಾಟರಿಯೊಂದಕ್ಕೆ ಹಿಡಿದು ಪರೀಕ್ಷಿಸಿದೆ, ಅದು ಸರಿಯಾಗಿಯೇ ತೋರಿಸುತ್ತಿದೆ. 9 ವೋಲ್ಟ್ ಎಸಿಯಲ್ಲಿ ತೊಂದರೆ ಇದ್ದಂತಿಲ್ಲ. ಸ್ವಿಚ್ ಹಾಕುವ ಮೊದಲೇ ಅಳೆಯಲಿಲ್ಲವಲ್ಲ ಎಂದು ಬಹಳ ಬೇಸರವಾಗಿದೆ.

ಬೆಸುಗೆಗಾರ

ಹಾಗಾದರೆ ಆ ಅಡಾಪ್ಟರಿನ ಕೆಲಸ ಮುಗಿಯಿತು. ಕಮೊಡೋರ್ 64ಕ್ಕೆಂದೇ ಈಗ ಹೊಸದಾಗಿ ತಯಾರಾಗುವ ಅಡಾಪ್ಟರುಗಳಲ್ಲಿ ಒಂದನ್ನು ತನ್ನಿ, ಇಲ್ಲವೇ ವೋಲ್ಟೇಜ್ ಮಿತಿ ಮೀರಿದ ಕೂಡಲೆ ಸಂಪರ್ಕ ಕಡಿಯುವ ರಕ್ಷಣಾ ಸರ್ಕ್ಯೂಟನ್ನು ನಡುವೆ ಹಾಕಿ. ಇಂದು 5.0 ತೋರಿಸುವ ಹಳೆಯ ಅಡಾಪ್ಟರ್ ನಾಳೆ ಒಂದು ಗಂಟೆ ಬಿಸಿಯಾದ ಮೇಲೂ ಅಷ್ಟನ್ನೇ ತೋರಿಸುತ್ತದೆಂದು ನಂಬುವ ಹಾಗಿಲ್ಲ. ಹೊಸದು ಕೈಗೆ ಬಂದ ಮೇಲೆ ಮುಂದುವರಿಯೋಣ.

ಎಂಟುಬಿಟ್

ಹೊಸ ಅಡಾಪ್ಟರ್ ಬಂದಿದೆ. ಯಂತ್ರಕ್ಕೆ ಜೋಡಿಸಿದ ಮೇಲೆ ಬೋರ್ಡಿನಲ್ಲೇ ಅಳೆದಾಗ 5.04 ವೋಲ್ಟ್. ಪರದೆ ಇನ್ನೂ ಕಪ್ಪು.

ತರಂಗರೇಖೆ

ಕಪ್ಪು ಎಂದರೆ ಯಾವ ಕಪ್ಪು ಎಂಬುದನ್ನು ಮೊದಲು ತೀರ್ಮಾನಿಸೋಣ, ಏಕೆಂದರೆ ಎರಡಕ್ಕೂ ದಾರಿ ಬೇರೆ. ಯಂತ್ರ ಆರಿದ್ದಾಗ ಟಿವಿ ‘ಸಿಗ್ನಲ್ ಇಲ್ಲ’ ಎನ್ನುತ್ತದೆಯಲ್ಲ, ಯಂತ್ರ ಹಾಕಿದಾಗಲೂ ಅದೇ ಬರಹ ನಿಂತಿದ್ದರೆ ವಿಐಸಿ ಚಿಪ್ ಚಿತ್ರದ ಸಂಕೇತವನ್ನೇ ಹೊರಡಿಸುತ್ತಿಲ್ಲ. ಆಗ 9 ವೋಲ್ಟ್ ಎಸಿಯ ಫ್ಯೂಸ್, ಅದರಿಂದ 12 ವೋಲ್ಟ್ ಮಾಡುವ 7812, ವಿಐಸಿಗೆ ಬೇರೆಯಾಗಿ 5 ವೋಲ್ಟ್ ಕೊಡುವ 7805, ಚಿಪ್‌ಗಳಿಗೆ ತಾಳ ಕೊಡುವ ಮಿಡಿತವಾದ ಕ್ಲಾಕ್ ಇವನ್ನು ನೋಡಬೇಕು. ಬರಹ ಮಾಯವಾಗಿ ತುಂಬು ಕಪ್ಪು ಚಿತ್ರ ಬಂದರೆ ಇಷ್ಟೂ ಭಾಗ ನಡೆಯುತ್ತಿದೆ. ಯಂತ್ರದ ಮೂಲ ತಂತ್ರಾಂಶವಾದ ಕರ್ನಲ್ ತನ್ನ ಆರಂಭದ ಕೆಲಸಗಳನ್ನು ಮುಗಿಸಿ ಅಂಚಿಗೆ ತಿಳಿನೀಲಿ ಬಣ್ಣ ಬರೆಯುವ ಹಂತವನ್ನು ತಲುಪುತ್ತಿಲ್ಲ ಎಂದು ಆಗ ತಿಳಿಯಬೇಕು.

ಎರಡನೆಯದಾಗಿ, 6510 ಪ್ರೊಸೆಸರಿನ 40ನೆಯ ಪಿನ್ ರೀಸೆಟ್. ಸ್ವಿಚ್ ಹಾಕಿದ ಕ್ಷಣ ಅದು ಸೊನ್ನೆಯ ಹತ್ತಿರವಿದ್ದು, ಅರೆಕ್ಷಣದ ಬಳಿಕ 5 ವೋಲ್ಟಿನ ಕಡೆಗೆ ಏರಿ ಅಲ್ಲೇ ನಿಲ್ಲಬೇಕು. 39ನೆಯ ಪಿನ್ನಿನಲ್ಲಿ ಸುಮಾರು 1 ಮೆಗಾಹರ್ಟ್ಸ್ ಕ್ಲಾಕ್ ಇರುತ್ತದೆ. ಸ್ಕೋಪ್ ಇಲ್ಲದಿದ್ದರೆ ಮೀಟರನ್ನು ಡಿಸಿಯಲ್ಲಿಟ್ಟು ನೋಡಿ: ಸೊನ್ನೆಯೂ ಅಲ್ಲದ ಐದೂ ಅಲ್ಲದ ನಡುವಿನ ಒಂದು ಸಂಖ್ಯೆ ತೋರಿದರೆ ಅಲ್ಲಿ ಮಿಡಿತವಿದೆ ಎಂದು ತಕ್ಕಮಟ್ಟಿಗೆ ನಂಬಬಹುದು.

ಕೊನೆಗೆ, ಒಂದು ನಿಮಿಷದ ಬಳಿಕ ಮೆಮೊರಿ ಚಿಪ್‌ಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ವಿಐಸಿ, ಪಿಎಲ್‌ಎ, ಧ್ವನಿಯ ಚಿಪ್ಪಾದ ಸಿಡ್ ಬಿಸಿಯಾಗುವುದು ಸಹಜ. ಎಂಟು ಮೆಮೊರಿ ಚಿಪ್‌ಗಳು ಮಾತ್ರ ಒಂದೇ ಸಮನಾಗಿ ಉಗುರುಬೆಚ್ಚಗಿರಬೇಕು. ಒಂದು ಮಾತ್ರ ಸುಡುತ್ತಿದ್ದರೆ ಅದೇ ಅಪರಾಧಿ.

ಎಂಟುಬಿಟ್

ಬರಹ ಮಾಯವಾಗುತ್ತದೆ, ಅಂದರೆ ತುಂಬು ಕಪ್ಪು ಚಿತ್ರ. ರೀಸೆಟ್ ನೀವು ಹೇಳಿದಂತೆಯೇ ಏರಿ ನಿಲ್ಲುತ್ತದೆ. 39ನೆಯ ಪಿನ್ನಿನಲ್ಲಿ 2.3 ವೋಲ್ಟ್. ಮೆಮೊರಿ ಚಿಪ್‌ಗಳಲ್ಲಿ ಬೆರಳಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ.

ಹಳೆಬೋರ್ಡು

ಈಗ ಡೆಡ್ ಟೆಸ್ಟ್ ಕಾರ್ಟ್ರಿಜ್ ಬೇಕು, ತಯಾರಕರ ದುರಸ್ತಿ ವಿಭಾಗದಲ್ಲಿ 781220 ಎಂಬ ಸಂಖ್ಯೆಯಿಂದ ಬಳಕೆಯಲ್ಲಿದ್ದದ್ದು. ಸಾಮಾನ್ಯ ಕಾರ್ಟ್ರಿಜ್ ನಡೆಯಲು ಯಂತ್ರ ಮೊದಲು ತಾನಾಗಿ ಏಳಬೇಕು. ಇದು ಹಾಗಲ್ಲ. ಕಾರ್ಟ್ರಿಜ್ ಕಿಂಡಿಯ ಗೇಮ್ ಎಂಬ ಲೈನನ್ನು ಸೊನ್ನೆಗೆ ಇಳಿಸಿ, ಕರ್ನಲ್ ಇರಬೇಕಾದ ಜಾಗದಲ್ಲಿ ತನ್ನ ರಾಮನ್ನೇ ಪ್ರೊಸೆಸರಿಗೆ ತೋರಿಸುತ್ತದೆ. ಹಾಗಾಗಿ ಕರ್ನಲ್, ಬೇಸಿಕ್ (ಯಂತ್ರದೊಳಗಿನ ಪ್ರೋಗ್ರಾಮಿಂಗ್ ಭಾಷೆ) ಎರಡೂ ಕೆಟ್ಟಿದ್ದರೂ ಅದು ನಡೆಯಬಲ್ಲದು. (ತಿದ್ದುಪಡಿ: ‘ತನ್ನ ರಾಮನ್ನೇ’ ಎಂದು ಬರೆದುಬಿಟ್ಟಿದ್ದೇನೆ, ಅದು ‘ತನ್ನ ರೋಮನ್ನೇ’ ಎಂದಾಗಬೇಕು.)

ಮೆಮೊರಿ ಸರಿಯಿದ್ದರೆ ಕೆಲವು ಸೆಕೆಂಡುಗಳ ಬಳಿಕ ಪರೀಕ್ಷೆಯ ಪಟ್ಟಿ ಪರದೆಗೆ ಬರುತ್ತದೆ. ಕೆಟ್ಟಿದ್ದರೆ ಪರದೆ ಬೆಳ್ಳಗೆ ಮಿನುಗುತ್ತದೆ. ಎಷ್ಟು ಸಲ ಮಿನುಗಿ ನಿಲ್ಲುತ್ತದೆ ಎಂಬುದನ್ನು ಎಣಿಸಿಕೊಳ್ಳಿ. ನಿಮ್ಮ ಬೋರ್ಡಿನಲ್ಲಿ ಒಂದು ಮಿನುಗಿಗೆ ಯು12 ಎಂದು ಗುರುತಿಸಿದ ಮೆಮೊರಿ ಚಿಪ್, ಎರಡಕ್ಕೆ ಯು24, ಮೂರಕ್ಕೆ ಯು11, ನಾಲ್ಕಕ್ಕೆ ಯು23, ಐದಕ್ಕೆ ಯು10, ಆರಕ್ಕೆ ಯು22, ಏಳಕ್ಕೆ ಯು9, ಎಂಟಕ್ಕೆ ಯು21.

ಎಂಟುಬಿಟ್

ಪರಿಚಿತರೊಬ್ಬರಿಂದ ಕಾರ್ಟ್ರಿಜ್ ಎರವಲು ಸಿಕ್ಕಿತು. ಐದು ಮಿನುಗು, ಸ್ವಲ್ಪ ಬಿಡುವು, ಮತ್ತೆ ಐದು. ಹತ್ತು ಬಾರಿ ನೋಡಿದೆ, ಒಮ್ಮೆಯೂ ಬದಲಾಗಲಿಲ್ಲ.

ತರಂಗರೇಖೆ

ಈ ಐದು ಮಿನುಗುಗಳು ಎಷ್ಟು ವಿಷಯ ಹೇಳುತ್ತಿವೆ ನೋಡಿ. ಕಾರ್ಟ್ರಿಜ್ಜಿನ ಆದೇಶಗಳನ್ನು ಓದಿ, ಎಣಿಸಿ, ವಿಐಸಿಗೆ ಬಣ್ಣ ಬರೆಯುತ್ತಿದೆ ಎಂದಾದರೆ ಪ್ರೊಸೆಸರ್ ಜೀವಂತವಾಗಿದೆ. ಕಾರ್ಟ್ರಿಜ್ಜಿನ ವಿಳಾಸವನ್ನು ಗುರುತಿಸಿ ಕೊಡುವುದು ಪಿಎಲ್‌ಎ ಕೆಲಸವಾದ್ದರಿಂದ ಅದು ಸಂಪೂರ್ಣ ಸತ್ತಿರಲಾರದು. ನೀವು ಮೊದಲ ದಿನ ತರಿಸಲು ಹೊರಟಿದ್ದ ಚಿಪ್ ಅದೇ.

ಇನ್ನೊಂದು ಸೂಕ್ಷ್ಮವಿದೆ. ಐದನೆಯ ಮಿನುಗು ಡಿ3 ಎಂಬ ಡೇಟಾ ಲೈನಿಗೆ (ದತ್ತದ ಒಂದು ಬಿಟ್ ಸಾಗುವ ದಾರಿಗೆ) ಸೇರಿದ್ದು. ಅದೇ ಲೈನನ್ನು ಬೇರೆ ಯಾವುದಾದರೂ ಚಿಪ್ ಕೆಳಕ್ಕೆ ಎಳೆದು ಹಿಡಿದಿದ್ದರೂ ಮೆಮೊರಿ ತಪ್ಪಾಗಿ ಕಾಣುತ್ತಿತ್ತಲ್ಲವೇ ಎಂದು ಕೇಳಬಹುದು. ಆದರೆ ಕಾರ್ಟ್ರಿಜ್ಜಿನ ಆದೇಶಗಳೂ ಅದೇ ಡಿ3 ಮೂಲಕವೇ ಪ್ರೊಸೆಸರನ್ನು ತಲುಪಬೇಕು. ಲೈನ್ ಸಿಲುಕಿಕೊಂಡಿದ್ದರೆ ಮಿನುಗುವಷ್ಟು ಕೂಡ ನಡೆಯುತ್ತಿರಲಿಲ್ಲ. ಆದ್ದರಿಂದ ದೋಷ ಯು10ರಲ್ಲಿ ಅಥವಾ ಅದರ ಬುಡದಲ್ಲೇ ಇದೆ.

ಬೆಸುಗೆ ಬಿಡಿಸುವ ಮೊದಲು ಮಾಡಬಹುದಾದ ಒಂದು ಪರೀಕ್ಷೆಯಿದೆ. ಯಂತ್ರ ಆರಿಸಿ, ಒಳ್ಳೆಯ 4164 ಚಿಪ್ (ಇದೇ ಬಗೆಯ ಮೆಮೊರಿ ಚಿಪ್) ಒಂದನ್ನು ಯು10ರ ಬೆನ್ನ ಮೇಲೆ, ಎರಡರ ಗುರುತಿನ ಕಚ್ಚೂ ಒಂದೇ ದಿಕ್ಕಿಗಿರುವಂತೆ ಕೂರಿಸಿ, ಹದಿನಾರೂ ಕಾಲುಗಳು ಕಾಲುಗಳಿಗೆ ಒತ್ತುವಂತೆ ನೋಡಿಕೊಂಡು ಸ್ವಿಚ್ ಹಾಕಿ.

ಎಂಟುಬಿಟ್

ಕೂರಿಸಿ ನೋಡಿದೆ, ಆಗಲೂ ಐದು ಮಿನುಗು. ಹಾಗಾದರೆ ಯು10 ತಪ್ಪಿತಸ್ಥನಲ್ಲವೇ?

ಬೆಸುಗೆಗಾರ

ಆ ತೀರ್ಮಾನಕ್ಕೆ ಬರಬೇಡಿ. ಈ ಪರೀಕ್ಷೆಯಲ್ಲಿ ಫಲ ಬದಲಾದರೆ ಅದಕ್ಕೆ ಬೆಲೆಯಿದೆ, ಬದಲಾಗದಿದ್ದರೆ ಏನೂ ತಿಳಿದಂತಾಗಲಿಲ್ಲ. ಕೆಟ್ಟ ಚಿಪ್ಪಿನ ಔಟ್‌ಪುಟ್ ಸುಮ್ಮನಿದ್ದರೆ ಮಾತ್ರ ಮೇಲಿನ ಚಿಪ್ಪಿನ ಮಾತು ಕೇಳಿಸುತ್ತದೆ. ಕೆಟ್ಟದ್ದು ಓದುವ ಸರದಿ ಬಂದಾಗಲೆಲ್ಲ ಲೈನನ್ನು ಬಲವಾಗಿ ಒಂದು ಕಡೆಗೆ ಎಳೆಯುತ್ತಿದ್ದರೆ ಒಳ್ಳೆಯದು ಅದರೆದುರು ಸೋಲುತ್ತದೆ. ಯು10 ತೆಗೆಯಲೇಬೇಕು.

ತೆಗೆಯುವಾಗ ಚಿಪ್ಪನ್ನು ಉಳಿಸಲು ಹೋಗಬೇಡಿ, ಬೋರ್ಡನ್ನು ಉಳಿಸಿ. ಸಣ್ಣ ಕಟರಿನಿಂದ ಹದಿನಾರು ಕಾಲುಗಳನ್ನೂ ಚಿಪ್ಪಿನ ಮೈಗೆ ಹತ್ತಿರದಲ್ಲಿ ಕತ್ತರಿಸಿ ಮೈಯನ್ನು ಎತ್ತಿಬಿಡಿ. ಆಮೇಲೆ ಪ್ರತಿ ಕಾಲಿಗೂ ಸ್ವಲ್ಪ ಫ್ಲಕ್ಸ್ ಮತ್ತು ಹೊಸ ಸೀಸದ ಸೋಲ್ಡರ್ ಸೇರಿಸಿ. ಒಣಗಿದ ಹಳೆಯ ಸೋಲ್ಡರಿಗಿಂತ ಹೊಸದರ ಜೊತೆ ಬೆರೆತದ್ದು ಸಲೀಸಾಗಿ ಕರಗುತ್ತದೆ. ಐರನ್ 330 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರಲಿ, ತುದಿ ಚೂಪಾಗಿರದೆ ಉಳಿಯಂತೆ ಚಪ್ಪಟೆಯಾಗಿರಲಿ. ಕಾಲು ತಾನಾಗಿ ಸಡಿಲವಾಗುವವರೆಗೆ ಕಾದು ಚಿಮಟದಿಂದ ಎತ್ತಿ. ಬಿಗಿಯಾಗಿದ್ದರೆ ಎಳೆಯಲೇಬೇಡಿ, ಮತ್ತೆ ಸೋಲ್ಡರ್ ಸೇರಿಸಿ ಬಿಸಿ ಮಾಡಿ. 16ನೆಯ ಪಿನ್ ಗ್ರೌಂಡ್. ಅಗಲವಾದ ತಾಮ್ರಕ್ಕೆ ಸೇರಿರುವುದರಿಂದ ಶಾಖವನ್ನೆಲ್ಲ ಅದು ಹೀರಿಕೊಳ್ಳುತ್ತದೆ, ಅಲ್ಲಿ ಹೆಚ್ಚು ತಾಳ್ಮೆ ಬೇಕು. ಕಾಲುಗಳೆಲ್ಲ ಹೋದ ಮೇಲೆ ರಂಧ್ರಗಳನ್ನು ಪಂಪಿನಿಂದ ಖಾಲಿ ಮಾಡಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು, ಸಾಕೆಟ್ ಹಾಕಿ. ಚಿಪ್ಪನ್ನು ನೇರವಾಗಿ ಬೆಸೆಯಬೇಡಿ.

ಎಂಟುಬಿಟ್

ನೀವು ಹೇಳಿದಂತೆಯೇ ಮಾಡಿದೆ, ಮೂರು ಗಂಟೆ ಹಿಡಿಯಿತು. ಒಂದು ಕಾಲು ಮಾತ್ರ ಬಿಗಿಯಾಗಿತ್ತು, ಬಂದಾಗ ಅದರ ಜೊತೆ ಉಂಗುರದಂಥ ಸಣ್ಣ ಲೋಹದ ಚೂರೊಂದು ಬಂತು. ಸಾಕೆಟ್ ಬೆಸೆದು ಹೊಸ 4164 ಕೂರಿಸಿ ಸ್ವಿಚ್ ಹಾಕಿದೆ. ಮತ್ತೆ ಐದೇ ಮಿನುಗು. ಹೊಸ ಚಿಪ್ಪೇ ಕೆಟ್ಟಿರಬಹುದೇ ಎಂದು ಇನ್ನೊಂದನ್ನು ಹಾಕಿದೆ, ಅದಕ್ಕೂ ಐದು. ಈಗ ಏನು ಮಾಡಬೇಕೆಂದು ತೋಚುತ್ತಿಲ್ಲ.

ತರಂಗರೇಖೆ

ಆ ಉಂಗುರದಲ್ಲೇ ಉತ್ತರವಿದೆ. ಈ ಬೋರ್ಡಿಗೆ ಎರಡೂ ಮುಖದಲ್ಲಿ ತಾಮ್ರದ ಗೆರೆಗಳಿವೆ, ರಂಧ್ರದ ಒಳಗೋಡೆಗೆ ಹಚ್ಚಿದ ತೆಳು ಲೋಹವೇ ಆ ಎರಡು ಮುಖಗಳನ್ನು ಕೂಡಿಸುತ್ತದೆ. ನಿಮಗೆ ಕಿತ್ತುಬಂದದ್ದು ಆ ಒಳಗೋಡೆ. ಸಾಕೆಟ್ಟಿನ ಕಾಲು ಕೆಳಮುಖದಲ್ಲಿ ಚೆನ್ನಾಗಿ ಬೆಸೆದುಕೊಂಡಂತೆ ಕಂಡರೂ ಮೇಲ್ಮುಖದ ಗೆರೆಗೆ ಸಂಪರ್ಕವೇ ಇರುವುದಿಲ್ಲ.

ಕಿತ್ತದ್ದು 14ನೆಯ ಪಿನ್ನೇ ಇರಬೇಕೆಂದು ಊಹಿಸುತ್ತೇನೆ, ಕಾರಣ ಹೇಳುತ್ತೇನೆ. 4164ರಲ್ಲಿ ಬರೆಯುವ ದತ್ತ 2ನೆಯ ಪಿನ್ನಿನಿಂದ ಒಳಗೆ ಹೋಗುತ್ತದೆ, ಓದುವ ದತ್ತ 14ನೆಯ ಪಿನ್ನಿನಿಂದ ಹೊರಬರುತ್ತದೆ. ಕಮೊಡೋರ್ 64ರಲ್ಲಿ ಇವೆರಡನ್ನೂ ಒಟ್ಟಿಗೆ ಕಟ್ಟಿ ಒಂದೇ ಡೇಟಾ ಲೈನಿಗೆ ಸೇರಿಸಿದ್ದಾರೆ. 14 ಕಡಿದುಹೋಗಿದ್ದರೆ ಚಿಪ್ ಬರೆದುಕೊಳ್ಳುತ್ತದೆ, ಓದಿ ಹೇಳಿದ್ದು ಮಾತ್ರ ಯಾರಿಗೂ ತಲುಪುವುದಿಲ್ಲ. ಆಗಲೂ ಮಿನುಗು ಐದೇ ಬರುತ್ತದೆ. ವಿಳಾಸದ ಪಿನ್ ಕಿತ್ತಿದ್ದರೂ ಇದೇ ಎಣಿಕೆ ಬರಬಹುದು, ಆದ್ದರಿಂದ ಊಹೆಗೆ ನಿಲ್ಲದೆ ಎಲ್ಲವನ್ನೂ ಅಳೆಯಿರಿ. ಯಂತ್ರ ಆರಿಸಿ, ಚಿಪ್ ತೆಗೆದು, ಮೀಟರನ್ನು ಬೀಪ್ ಸ್ಥಾನದಲ್ಲಿಟ್ಟು ಸಾಕೆಟ್ಟಿನ 2 ಮತ್ತು 14ರ ನಡುವೆ, ಬಳಿಕ 2ರಿಂದ ಪ್ರೊಸೆಸರಿನ 34ನೆಯ ಪಿನ್ನಿಗೆ ನೋಡಿ. ಉಳಿದ ಪಿನ್ನುಗಳಿಗೆ ಅಕ್ಕಪಕ್ಕದ ಮೆಮೊರಿ ಚಿಪ್‌ಗಳೇ ನಕ್ಷೆ: 2, 14 ಬಿಟ್ಟು ಸಂಪರ್ಕವಿರುವ ಎಲ್ಲವೂ ಎಂಟು ಚಿಪ್‌ಗಳಿಗೂ ಸಮಾನ.

ಎಂಟುಬಿಟ್

ನಿಮ್ಮ ಊಹೆ ಅಕ್ಷರಶಃ ನಿಜವಾಯಿತು. 2ರಿಂದ ಪ್ರೊಸೆಸರಿನ 34ಕ್ಕೆ ಬೀಪ್ ಬಂತು, 2ರಿಂದ 14ಕ್ಕೆ ಮೌನ. ಪಕ್ಕದ ಯು11, ಯು9 ಎರಡರಲ್ಲೂ ಆ ಪಿನ್ನುಗಳ ನಡುವೆ ಬೀಪ್ ಇದೆ. ಬೋರ್ಡಿನ ಕೆಳಗೆ ಸಾಕೆಟ್ಟಿನ 2ರಿಂದ 14ಕ್ಕೆ ತೆಳುವಾದ, ಹೊದಿಕೆಯಿರುವ ತಂತಿಯೊಂದನ್ನು ಬೆಸೆದೆ. ಸ್ವಿಚ್ ಹಾಕಿ ಕಾದೆ. ಮಿನುಗಲಿಲ್ಲ, ಪರೀಕ್ಷೆಯ ಪಟ್ಟಿ ಬಂತು. ಕಾರ್ಟ್ರಿಜ್ ತೆಗೆದು ಮತ್ತೆ ಸ್ವಿಚ್ ಹಾಕಿದಾಗ ನೀಲಿ ಪರದೆ, 38911 ಬೈಟ್ಸ್ ಫ್ರೀ, ಅದರ ಕೆಳಗೆ ಮಿಟುಕುವ ಕರ್ಸರ್! ಹದಿನೈದು ವರ್ಷಗಳ ಬಳಿಕ ಆ ಸಂಖ್ಯೆಯನ್ನು ನೋಡಿ ಗಂಟಲು ಕಟ್ಟಿತು. ನಿಮ್ಮೆಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು.

ಹಳೆಬೋರ್ಡು

ಬಹಳ ಸಂತೋಷ. ಕರ್ಸರ್ ಮಿಟುಕುತ್ತಿದೆ ಎಂದರೆ ಕೀಲಿಮಣೆ, ಸಮಯ ಮುಂತಾದವನ್ನು ನೋಡಿಕೊಳ್ಳುವ ಮೊದಲನೆಯ ಸಿಐಎ ಚಿಪ್ಪಿನ ಟೈಮರ್ ಕೂಡ ನಡೆಯುತ್ತಿದೆ, ಅದೂ ಒಳ್ಳೆಯ ಸುದ್ದಿ. ಕೆಪಾಸಿಟರುಗಳ ವಿಷಯದಲ್ಲಿ ನಾನು ಅವಸರ ಮಾಡಿದ್ದೆ ಎಂದು ಈಗ ಒಪ್ಪುತ್ತೇನೆ.

ನೀಲಿಪರದೆ

ಮೊದಲಿನಿಂದ ಓದುತ್ತಿದ್ದೇನೆ. ನನ್ನ ಬಳಿ 1982ರ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಕಂಪ್ಯೂಟರ್ ಇದೆ, ಅದರ ಮೆಮೊರಿಯೂ ಕೆಟ್ಟಂತಿದೆ. ಬೆನ್ನ ಮೇಲೆ 4164 ಕೂರಿಸುವ ಪರೀಕ್ಷೆಯನ್ನು ಅದರಲ್ಲಿ ಮಾಡಬಹುದೇ?

ಬೆಸುಗೆಗಾರ

ಖಂಡಿತ ಬೇಡ. ಸ್ಪೆಕ್ಟ್ರಮ್ಮಿನ ಮೊದಲ 16 ಕಿಲೋಬೈಟಿನಲ್ಲಿರುವುದು 4116 ಎಂಬ ಬೇರೆ ಬಗೆಯ ಮೆಮೊರಿ ಚಿಪ್. ಅದಕ್ಕೆ +12, +5, −5 ಎಂಬ ಮೂರು ವೋಲ್ಟೇಜ್ ಬೇಕು, 4164ರಲ್ಲಿ 5 ವೋಲ್ಟ್ ಬರುವ 8ನೆಯ ಪಿನ್ನಿಗೆ ಅಲ್ಲಿ 12 ವೋಲ್ಟ್ ಬರುತ್ತದೆ. ನಿಮ್ಮ ಒಳ್ಳೆಯ ಚಿಪ್ ಆ ಕ್ಷಣವೇ ಹೋಗುತ್ತದೆ. ಆ ಯಂತ್ರದಲ್ಲಿ −5 ವೋಲ್ಟ್ ಇದೆಯೇ ಎಂದು ಮೊದಲು ಅಳೆಯಿರಿ. ಅದು ಇಲ್ಲದೆ 12 ವೋಲ್ಟ್ ಮಾತ್ರ ಬಂದರೆ 4116 ಕೆಡುತ್ತದೆ. ಆ ವೋಲ್ಟೇಜುಗಳನ್ನು ತಯಾರಿಸುವ ಭಾಗದಲ್ಲಿ ಟಿಆರ್4 ಎಂಬ ಟ್ರಾನ್ಸಿಸ್ಟರ್ ಕೆಟ್ಟಿರುವುದು ಬಹಳ ಸಾಮಾನ್ಯ. ಅಳತೆಗಳೊಂದಿಗೆ ಬೇರೆ ಎಳೆಯಲ್ಲಿ ಬರೆಯಿರಿ, ಅಲ್ಲಿ ನೋಡೋಣ.

ತರಂಗರೇಖೆ

ಎಂಟುಬಿಟ್ ಅವರೇ, ಕವಚ ಮುಚ್ಚುವ ಮೊದಲು ಒಂದು ಮಾತು. 38911 ಬಂದಾಕ್ಷಣ ಮೆಮೊರಿ ಪೂರ್ತಿ ಸರಿಯಿದೆ ಎಂದಾಗುವುದಿಲ್ಲ. ಬೇಸಿಕ್ಕಿನ ಜಾಗ 2048ನೆಯ ಬೈಟಿನಿಂದ 40959ರವರೆಗೆ, ಒಟ್ಟು 38912. ಮೊದಲ ಬೈಟ್ ಸೊನ್ನೆಗೆ ಮೀಸಲಾಗಿ ಉಳಿಯುವುದು 38911. ಯಂತ್ರ ಏಳುವಾಗ ಕರ್ನಲ್ ಕೆಳಗಿನಿಂದ ಎಣಿಸುತ್ತ ಬಂದು ಬೇಸಿಕ್ ರೋಮ್ ಸಿಕ್ಕಿದ 40960ರಲ್ಲಿ ನಿಲ್ಲುತ್ತದೆ, ಅದರಾಚೆಗಿನ ಮೆಮೊರಿಯನ್ನು ಮುಟ್ಟುವುದೇ ಇಲ್ಲ. ಡೆಡ್ ಟೆಸ್ಟ್ ನಡೆಯುವ ಸ್ಥಿತಿಯಲ್ಲಂತೂ ಪ್ರೊಸೆಸರಿಗೆ ಮೊದಲ 4 ಕಿಲೋಬೈಟ್ ಮಾತ್ರ ಕಾಣುತ್ತದೆ. ಹೆಚ್ಚಿನ ವೋಲ್ಟೇಜ್ ತಿಂದ ಉಳಿದ ಏಳು ಚಿಪ್‌ಗಳಲ್ಲಿ ಯಾವುದಾದರೂ ಅರೆಗಾಯವಾಗಿದ್ದರೆ ಅದು ಬಿಸಿಯಾದ ಮೇಲೆ, ಮೇಲಿನ ವಿಳಾಸಗಳಲ್ಲಿ ತೋರಬಹುದು. ಆದ್ದರಿಂದ 64 ಕಿಲೋಬೈಟನ್ನೂ ಪರೀಕ್ಷಿಸುವ ಡಯಾಗ್ನೋಸ್ಟಿಕ್ ಕಾರ್ಟ್ರಿಜ್ ಹಾಕಿ ಕೆಲವು ಗಂಟೆ ಬಿಟ್ಟು ನೋಡಿ.

ಎಂಟುಬಿಟ್

ಡಯಾಗ್ನೋಸ್ಟಿಕ್ ಕಾರ್ಟ್ರಿಜ್ಜಿನಲ್ಲಿ ಇಂದು ಆರು ಗಂಟೆ ನಿರಂತರ ಓಡಿಸಿದೆ. ಸುತ್ತುಗಳ ಎಣಿಕೆ ಏರುತ್ತಲೇ ಹೋಯಿತು, ಮೆಮೊರಿಯಲ್ಲಿ ಒಂದೂ ತಪ್ಪು ಬರಲಿಲ್ಲ. ಕೊನೆಯಲ್ಲಿ ಬೋರ್ಡಿನ ಮೇಲೆ ಅಳೆದಾಗಲೂ 5.03 ವೋಲ್ಟ್ ಇತ್ತು.

ಹಳೆಯ ಅಡಾಪ್ಟರಿನ ಮೇಲೆ ‘ಕೆಟ್ಟಿದೆ’ ಎಂದು ಚೀಟಿ ಅಂಟಿಸಿದ್ದೇನೆ. ಚೀಟಿ ಎಂದಾದರೂ ಉದುರಬಹುದು ಎನಿಸಿ, ಯಾರೂ ತಿಳಿಯದೆ ಯಂತ್ರಕ್ಕೆ ಚುಚ್ಚದಂತೆ ಪ್ಲಗ್ಗನ್ನೂ ಕತ್ತರಿಸಬೇಕೆಂದಿದ್ದೇನೆ.

ಬೆಸುಗೆಗಾರ

ಕತ್ತರಿಸಿ, ಆದರೆ ಪ್ಲಗ್ಗಿನ ಜೊತೆ ಒಂದು ಗೇಣು ತಂತಿ ಉಳಿಯುವಂತೆ ಕತ್ತರಿಸಿ ಎತ್ತಿಡಿ. ಮುಂದೊಮ್ಮೆ ರಕ್ಷಣಾ ಸರ್ಕ್ಯೂಟ್ ಕಟ್ಟುವುದಾದರೆ ಆ ಏಳು ಪಿನ್ನಿನ ಪ್ಲಗ್ ಬೇಕಾಗುತ್ತದೆ.